ಮೂರರಿಂದ ಎಂಟರವರೆಗೆ ಮೆತ್ತಗೆ

8 ಅಕ್ಟೋಬರ್ 2005, ಶನಿವಾರ

ರಂಜಾನ್ ಶುರುವಾಗಿದೆ. ಹಗಲು ತೋಟದಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನನಗೆ ಅನುಕೂಲ.

ಇದು ನನ್ನ ಹನ್ನೊಂದನೇ ತರಗತಿಯ ಕೆಮಿಸ್ಟ್ರಿ ರೆಕಾರ್ಡು. ಬರೆದಿದ್ದ ಒಂಬತ್ತು ಹಾಳೆಗಳನ್ನು ಹರಿದು ತೆಗೆದಿದ್ದೇನೆ. ನನಗಾಗಿ ಮಾತ್ರ ಬರೆಯುವುದರಿಂದ ಎರಡೇ ನಿಯಮ: ಆಗದ್ದನ್ನು ಬರೆಯಬಾರದು, ಅನಿಸದ್ದನ್ನು ಬರೆಯಬಾರದು. ಎರಡನೆಯ ನಿಯಮದಿಂದಾಗಿ ಬರೆಯಲು ಹೆಚ್ಚೇನೂ ಉಳಿಯುವುದಿಲ್ಲ.

ನನ್ನ ತಂದೆಯನ್ನು ಇಲ್ಲಿ ಹೆರಾಲ್ಡ್ ಎಂದು ಬರೆಯುತ್ತೇನೆ. ಎದುರಿಗೆ ಏನೂ ಕರೆಯುವುದಿಲ್ಲ. ಏಳು ತಿಂಗಳಾಯಿತು. ಅವರು ಈ ತೋಟದ ಪಂಪು, ಪೈಪು, ಯಂತ್ರಗಳ ಫೋರ್‌ಮನ್. ನಾನು ಶಾಲೆ ಬಿಟ್ಟವಳು. ಈಗ ತೋಟದಲ್ಲಿ ವಿಮಾನ ಇಳಿಯುವ ಮಣ್ಣಿನ ಸ್ಟ್ರಿಪ್ ನೋಡಿಕೊಳ್ಳುತ್ತೇನೆ.

ಬೆಳಗ್ಗೆ ಆರಕ್ಕೆ ಸ್ಟ್ರಿಪ್ಪಿನ ಉದ್ದಕ್ಕೂ ನಡೆದೆ. ಏಳುನೂರು ಮೀಟರ್. ಎರಡೂ ಬದಿಗೆ ಬಿಳಿ ಬಣ್ಣ ಬಳಿದ ಹಳೇ ಟಯರುಗಳು, ಬದಿಗೆ ಇಪ್ಪತ್ತನಾಲ್ಕು. ಲೆಕ್ಕ ಸಮುದ್ರದ ಕಡೆಯಿಂದ. ಸಿಕ್ಕಿದ್ದು ಏಳು ಕಲ್ಲು, ಎಡಗಾಲಿನ ಒಂದು ಹವಾಯಿ ಚಪ್ಪಲಿ, ಪಕ್ಕದ ತೋಟದ ಒಂದು ಆಡು. ಆಡನ್ನು ಓಡಿಸಿದೆ. ಅದು ನನ್ನನ್ನು ನೋಡಿಕೊಂಡೇ ನಿಧಾನವಾಗಿ ಹೋಯಿತು, ನಾನೇ ಅದರ ಕೆಲಸದವಳು ಎಂಬಂತೆ.

ವಿಮಾನ ಬರಲಿಲ್ಲ. ಒಳಗೆ ಕೂತರೆ ಕಾಲು ನಿಲ್ಲುವುದಿಲ್ಲ. ಮಧ್ಯಾಹ್ನದ ಮೇಲೆ ಇನ್ನೂ ಎರಡು ಸಲ ನಡೆದೆ.

20 ಅಕ್ಟೋಬರ್, ಗುರುವಾರ

ವಿಮಾನ ಬಂತು. ಅರ್ಬಾಬ್ ಸೈಫ್ ಮಸ್ಕತ್‌ನಿಂದ ರಜೆಗೆ ಬಂದರು. ಅರ್ಬಾಬ್ ಎಂದರೆ ಧಣಿ. ತೋಟ ಅವರದು, ನಮ್ಮ ವೀಸಾ ಅವರ ಹೆಸರಿನಲ್ಲಿದೆ. ವಿಮಾನ ಓಡಿಸುವವರು ಕ್ಯಾಪ್ಟನ್ ಹಮೂದ್. ಗಡ್ಡ ಪೂರ್ತಿ ಬಿಳಿ, ಸಿನಿಮಾ ನೋಡಿ ಕಲಿತ ಹಿಂದಿ. ನನ್ನನ್ನು 'ಬಿಂತಿ' ಎನ್ನುತ್ತಾರೆ, ಮಗಳೇ ಎಂದು.

ಸ್ಟ್ರಿಪ್ಪಿನ ಪುಸ್ತಕ ಇಡಲು ಹೇಳಿಕೊಟ್ಟವರು ಅವರೇ. ಮೊದಲ ದಿನ ನಾನು 'ಓಕೆ' ಎಂದು ಬರೆದಿದ್ದೆ.

"ಓಕೆ ಅಂತ ಬರೆಯಬೇಡ ಬಿಂತಿ. ಹೆಂಡತಿ ಜೊತೆ ಜಗಳ ಆಡಿ ಬಂದವನೂ ಓಕೆ ಅಂತಲೇ ಬರೆಯುತ್ತಾನೆ. ಗಾಳಿ ಎಲ್ಲಿಂದ, ನೆಲ ಹೇಗೆ, ಎಷ್ಟನೇ ಟಯರಿನ ಹತ್ತಿರ. ಅಷ್ಟು ಬರೆ. ಹೊರಡುವ ಮೊದಲು ನಾನು ಫೋನ್ ಮಾಡುತ್ತೇನೆ, ನೀನು ಆ ಸಾಲನ್ನು ಓದಬೇಕು. ನಿನ್ನ ಅಭಿಪ್ರಾಯ ಬೇಡ. ಸಾಲು ಬೇಕು."

ಅಂದಿನಿಂದ ಹಾಗೆಯೇ ನಡೆದಿದೆ. ಫೋನು ಹೆರಾಲ್ಡ್‌ರದು. ಅವರು ಎತ್ತಿ ನನಗೆ ಕೊಡುತ್ತಾರೆ. ಕ್ಯಾಪ್ಟನ್ "ಓದು" ಎನ್ನುತ್ತಾರೆ. ನಾನು ಓದುತ್ತೇನೆ.

ನೆಲ ಪರೀಕ್ಷೆ ಮಾಡುವ ಕ್ರಮ ಹೆರಾಲ್ಡ್‌ರದು. ಚಪ್ಪಲಿ ಬಿಚ್ಚಿ, ಹಿಮ್ಮಡಿಯ ಮೇಲೆ ಮೈಭಾರ ಪೂರಾ ಬಿಟ್ಟು ಒಂದು ಸುತ್ತು ತಿರುಗಬೇಕು. ಬಿದ್ದ ಗುಳಿಯಲ್ಲಿ ಐವತ್ತು ಬೈಸಾ ನಾಣ್ಯ ಇಡಬೇಕು. ನಾಣ್ಯದ ಮುಖ ನೆಲಕ್ಕಿಂತ ಮೇಲಿದ್ದರೆ ಗಟ್ಟಿ, ಕೆಳಗಿದ್ದರೆ ಮೆತ್ತಗೆ. ಇದುವರೆಗೆ ಕೆಳಗೆ ಹೋದದ್ದಿಲ್ಲ. ಉಪ್ಪಿಗೆ ನನ್ನ ಹಿಮ್ಮಡಿ ಒಡೆದಿದೆ. ನೋಯುವುದಿಲ್ಲ.

2 ನವೆಂಬರ್, ಬುಧವಾರ

ಇವತ್ತು ಸತ್ತವರ ಹಬ್ಬ. ಊರಿನಲ್ಲಾದರೆ ಸಮಾಧಿಗಳ ಮೇಲೆ ಮೇಣದಬತ್ತಿ. ಇಲ್ಲಿ ಕೆಲಸದ ದಿನ.

ಆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ. ಮಮ್ಮಿಯ ಹೆಸರು ಇವ್ಲಿನ್. ಫೆಬ್ರವರಿಯಲ್ಲಿ ಆಪರೇಷನ್‌ಗೆಂದು ಮಂಗಳೂರಿಗೆ ಹೋದರು. ನನಗೆ ಪರೀಕ್ಷೆ ಇತ್ತು. ಮಾರ್ಚ್ ಮೊದಲ ವಾರ ಹೆರಾಲ್ಡ್ ನನ್ನನ್ನು ಹತ್ತಿರದ ಸುವೈಕ್ ಪೇಟೆಯಲ್ಲಿ, ನಮ್ಮ ಊರಿನವರೇ ಆದ ಪ್ರೆಸಿಲ್ಲಾ ಆಂಟಿಯ ಮನೆಯಲ್ಲಿ ಬಿಟ್ಟು, ಪಂಪಿನ ಕೆಲಸಕ್ಕೆ ಸಲಾಲಾಗೆ ಹೋಗುತ್ತೇನೆ, ಐದು ದಿನ ಎಂದರು. ಮಮ್ಮಿ ಹೇಗಿದ್ದಾರೆ ಎಂದು ಕೇಳಿದೆ. "ಒಳ್ಳೆದುಂಟು, ಗಂಜಿ ಉಂಡಿದ್ದಾಳೆ. ನೀನು ಓದು" ಎಂದರು. ನಾನು ಓದಿದೆ. ಫಿಸಿಕ್ಸ್ ಬರೆದೆ. ಅವರು ವಾಪಸು ಬಂದು, ಕೊನೆಯ ಪೇಪರ್ ಮುಗಿದ ಸಂಜೆ, ಕಾರಿನಲ್ಲಿ ಹೇಳಿದರು. ಸಲಾಲಾಗೆ ಅಲ್ಲ, ಮುಂಬೈ ಮೇಲೆ ಊರಿಗೆ ಹೋಗಿದ್ದರು. ಫಿಸಿಕ್ಸ್ ಪೇಪರಿನ ದಿನ ಮಮ್ಮಿಯನ್ನು ಮಣ್ಣು ಮಾಡಿದ್ದರು.

ಪ್ರೆಸಿಲ್ಲಾ ಆಂಟಿಗೂ ಗೊತ್ತಿತ್ತು. ಆ ದಿನ ಬೆಳಗ್ಗೆ ನನಗೆ ಎರಡು ಮೊಟ್ಟೆ ಹಾಕಿಕೊಟ್ಟಿದ್ದರು.

ಫಿಸಿಕ್ಸ್‌ನಲ್ಲಿ ಎಪ್ಪತ್ತೊಂದು ಬಂತು. ಏಪ್ರಿಲ್‌ನಲ್ಲಿ ನಾನು ಶಾಲೆಗೆ ಹೋಗಲಿಲ್ಲ. ಹೆರಾಲ್ಡ್ ಒಂದು ಸಲ ಕೇಳಿದರು, ಆಮೇಲೆ ಕೇಳಲಿಲ್ಲ. ನಾನು ಅಳಲಿಲ್ಲ. ಅಳಬೇಕಿತ್ತು ಎಂದು ಬರೆಯಲು ಹೊರಟೆ, ಎರಡನೆಯ ನಿಯಮ ನೆನಪಾಗಿ ಬಿಟ್ಟೆ.

ಗಾಳಿ ಪಶ್ಚಿಮದಿಂದ. ನೆಲ ಗಟ್ಟಿ.

17 ನವೆಂಬರ್, ಗುರುವಾರ

ಹೆರಾಲ್ಡ್ ಇಬ್ರಾಕ್ಕೆ ಹೋಗಿದ್ದಾರೆ. ಅಲ್ಲೊಬ್ಬರ ತೋಟದಲ್ಲಿ ಹೊಸ ಸ್ಟ್ರಿಪ್. ಇದು ನಾಲ್ಕನೆಯದು.

ಎಲ್ಲರೂ 'ಹೆರಾಲ್ಡ್‌ನ ರನ್‌ವೇ' ಎನ್ನುತ್ತಾರೆ. ಐದು ವರ್ಷದ ಹಿಂದೆ ನಮ್ಮ ಸ್ಟ್ರಿಪ್ಪಿನ ಜಾಗದಲ್ಲಿ ಲಿಂಬೆ ತೋಟ ಇತ್ತು. ಸಮುದ್ರದ ನೀರು ಬಾವಿಯೊಳಗೆ ಬರತೊಡಗಿತು. ಎಲೆಗಳು ಅಂಚಿನಿಂದ ಒಣಗುತ್ತಾ ಬಂದು ಎರಡು ಬೇಸಗೆಯಲ್ಲಿ ಮರಗಳೆಲ್ಲ ಹೋದವು. ಅರ್ಬಾಬ್ ಮರ ಕೀಳಿಸಿ, ಬಾವಿ ಮುಚ್ಚಿಸಲು ಹೇಳಿದರು. ಹೆರಾಲ್ಡ್ ಮುಚ್ಚಲಿಲ್ಲ. ಆ ಉಪ್ಪುನೀರನ್ನೇ ಖಾಲಿ ನೆಲಕ್ಕೆ ಬಿಟ್ಟು, ಒಣಗಲು ಬಿಟ್ಟು, ರೋಲರ್ ಹೊಡೆದು, ಮತ್ತೆ ಬಿಟ್ಟರು. ಹತ್ತು ಸಲ. ನೆಲ ಸಿಮೆಂಟಿನ ಹಾಗಾಯಿತು. ಅದೇ ವರ್ಷ ಅರ್ಬಾಬ್ ವಿಮಾನ ಕೊಂಡಿದ್ದರು, ಇಳಿಸಲು ಜಾಗ ಇರಲಿಲ್ಲ. ಆಮೇಲೆ ಬಾವಿ ಕೆಟ್ಟ ಬೇರೆ ತೋಟದವರೂ ಬಂದು ನೋಡಿದರು. ವಿಮಾನ ಇರುವವರು ಮಾಡಿಸಿಕೊಂಡರು. ಒಬ್ಬರು ವಿಮಾನ ಇಲ್ಲದೆಯೂ ಮಾಡಿಸಿಕೊಂಡಿದ್ದಾರೆ.

ಆಫೀಸಿನ ಮ್ಯಾನೇಜರ್ ಚಲುವರಾಜು ಅಂಕಲ್, ಮೈಸೂರಿನವರು, ಇವತ್ತು ಊಟದ ಡಬ್ಬಿ ಬಿಚ್ಚುತ್ತಾ ನಕ್ಕರು. "ನಿಮ್ಮಪ್ಪ ಗಟ್ಟಿಗ ಕಣಮ್ಮ. ಬೆಳೆ ಹೋದ ನೆಲದಲ್ಲಿ ಏರೋಪ್ಲೇನ್ ಬೆಳೆದ್ರು. ನಾವು ಮೈಸೂರ್ ಕಡೆಯವರು ಆಗಿದ್ರೆ ಕೂತ್ಕೊಂಡು ಅತ್ತಿರ್ತಿದ್ವಿ."

"ನೀವು ಅಳುವವರ ಹಾಗೆ ಕಾಣುವುದಿಲ್ಲ ಅಂಕಲ್."

"ಚಿತ್ರಾನ್ನಕ್ಕೆ ತೆಂಗಿನಕಾಯಿ ಸಿಗ್ಲಿಲ್ಲ ಅಂದ್ರೆ ಅಳ್ತೀನಿ."

ನಕ್ಕೆನೋ ಇಲ್ಲವೋ ನೆನಪಿಲ್ಲ. ಅರ್ಬಾಬ್ ಒಂದು ಕಂಪನಿ ಮಾಡುತ್ತಾರಂತೆ. ತೋಟಗಳಿಗೆ ಸ್ಟ್ರಿಪ್ ಹಾಕಿಕೊಡುವುದು. ಹೆರಾಲ್ಡ್ ಅದರ ಮುಖ್ಯ ಫೋರ್‌ಮನ್. ಹೆರಾಲ್ಡ್ ಹೊಸ ಅಂಗಿ ಹೊಲಿಸಿದ್ದಾರೆ.

25 ಡಿಸೆಂಬರ್, ಭಾನುವಾರ

ಪ್ರೆಸಿಲ್ಲಾ ಆಂಟಿ ಕುಸ್ವಾರ್, ಕ್ರಿಸ್‌ಮಸ್ ತಿಂಡಿ, ತಂದರು. ನೇವ್ರಿ, ಕಿಡಿಯೊ, ಒಂದು ಡಬ್ಬಿ ಚಕ್ಕುಲಿ.

"ಎಷ್ಟು ಸಪೂರ ಆಗಿದ್ದಿ ಮಾರಾಯ್ತಿ. ನಮ್ಮ ಮನೆಗೆ ಬಾ, ನಾಲ್ಕು ದಿನ ಇರು. ಹೊಲಿಗೆ ಕಲಿ."

"ನಿಮ್ಮ ಮನೆಗೆ ಬರುವುದಿಲ್ಲ ಆಂಟಿ."

"ಯಾಕೆ?"

"ಆ ದಿನ ನೀವು ಎರಡು ಮೊಟ್ಟೆ ಹಾಕಿದ್ದಿರಿ."

ಅವರು ಡಬ್ಬಿಯ ಮುಚ್ಚಳವನ್ನು ಎರಡೆರಡು ಸಲ ಒತ್ತಿ ಮುಚ್ಚಿ ಹೋದರು. ಹೆರಾಲ್ಡ್ ಬಾಗಿಲಲ್ಲೇ ಇದ್ದರು.

ನಾನು ಹೇಳಿದ್ದು ನಿಜ. ನೇವ್ರಿ ಚೆನ್ನಾಗಿತ್ತು. ಅದೂ ನಿಜ.

11 ಜನವರಿ 2006, ಬುಧವಾರ

ಬಕ್ರೀದ್ ರಜೆ. ಮಧ್ಯಾಹ್ನದಿಂದ ಮಳೆ. ಎರಡು ಗಂಟೆ ಸುರಿಯಿತು. ಈ ಸ್ಟ್ರಿಪ್ ಆದ ಮೇಲೆ ಇಂಥ ಮಳೆ ಬಂದಿರಲಿಲ್ಲ. ಟಯರುಗಳ ಬಣ್ಣ ಕಲಸಿ ಹರಿಯಿತು.

ಶುಕ್ರವಾರ ಅರ್ಬಾಬ್ ಇಬ್ಬರು ತೋಟದ ಮಾಲೀಕರನ್ನು ಕರೆತರುತ್ತಾರೆ. ಸ್ಟ್ರಿಪ್ ನೋಡಿ, ಒಪ್ಪಿಗೆಯಾದರೆ ಕಂಪನಿ ಶುರು. ಹೆರಾಲ್ಡ್ ಟಯರುಗಳಿಗೆ ಮತ್ತೆ ಬಣ್ಣ ಹೊಡೆಸುತ್ತಿದ್ದಾರೆ.

13 ಜನವರಿ, ಶುಕ್ರವಾರ

ಆದ ಕ್ರಮದಲ್ಲಿ ಬರೆಯುತ್ತೇನೆ.

ಆರಕ್ಕೆ ನಡೆದೆ. ಮಂಜು. ಮೂರನೇ ಟಯರಿನ ಹತ್ತಿರ ಹಿಮ್ಮಡಿ ಇಳಿಯಿತು. ನಾಣ್ಯ ಇಟ್ಟೆ, ನೆಲಕ್ಕಿಂತ ಕೆಳಗೆ ಹೋಯಿತು. ನಾಲ್ಕು, ಐದು, ಆರು, ಏಳು, ಎಂಟರಲ್ಲೂ ಹಾಗೆಯೇ. ಮೇಲಿನ ಸಿಪ್ಪೆ ಗಟ್ಟಿ, ಒಳಗೆ ಹಿಟ್ಟು. ನೆಲದ ಉಪ್ಪು ಮಳೆನೀರು ಕುಡಿದಿತ್ತು. ಎಂಟರ ಆಚೆ ಗಟ್ಟಿ. ಪುಸ್ತಕದಲ್ಲಿ ಬರೆದೆ: ಗಾಳಿ ಇಲ್ಲ. ಮೂರರಿಂದ ಎಂಟರವರೆಗೆ ಮೆತ್ತಗೆ.

ಹೆರಾಲ್ಡ್‌ಗೆ ಪುಸ್ತಕ ತೋರಿಸಿದೆ. ಅವರು ಹೊಸ ಅಂಗಿ ಹಾಕಿಕೊಂಡಿದ್ದರು. ಹೋಗಿ ತಾವೂ ಹಿಮ್ಮಡಿ ಇಟ್ಟು ನೋಡಿದರು. ಆಕಾಶ ನೋಡಿದರು. "ಒಂಬತ್ತಕ್ಕೆ ಅವರು ಬರುದು. ಅಷ್ಟೊತ್ತಿಗೆ ಬಿಸಿಲು ಬರ್ತದೆ. ಒಣಗ್ತದೆ" ಎಂದರು.

ಎಂಟು ಗಂಟೆಗೆ ಫೋನು ಬಂತು. ನಾನು ಪುಸ್ತಕ ತೆರೆದು ಪಕ್ಕದಲ್ಲಿ ನಿಂತಿದ್ದೆ. ಹೆರಾಲ್ಡ್ ಫೋನನ್ನು ನನಗೆ ಕೊಡಲಿಲ್ಲ. "ಗುಡ್, ಕ್ಯಾಪ್ಟನ್. ವೆರಿ ಗುಡ್. ಕಮ್" ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟರು.

ಮಂಜು ಕರಗಿತು. ಬಿಸಿಲು ಬರಲಿಲ್ಲ. ತೆಳ್ಳಗೆ ಮೋಡ.

ಒಂಬತ್ತಕ್ಕೆ ಸಮುದ್ರದ ಕಡೆಯಿಂದ ಇಳಿಯಿತು. ಹಿಂದಿನ ಚಕ್ರಗಳು ಎರಡನೇ ಟಯರಿನ ಹತ್ತಿರ ಮುಟ್ಟಿದವು. ಮುಂದಿನ ಚಕ್ರ ನಾಲ್ಕರಲ್ಲಿ ಮುಟ್ಟಿ ಒಳಗೆ ಹೋಯಿತು. ವಿಮಾನ ಮೂಗು ಊರಿತು, ಬಾಲ ಎತ್ತಿತು, ಪಕ್ಕಕ್ಕೆ ತಿರುಗಿ ರೆಕ್ಕೆಯ ಮೇಲೆ ಬಿತ್ತು. ಸದ್ದು ದೊಡ್ಡದೇನಲ್ಲ. ತಗಡಿನ ಡಬ್ಬಿ ಬಿದ್ದ ಹಾಗೆ.

ಅರ್ಬಾಬ್‌ಗೆ ಮಣಿಕಟ್ಟು ಮುರಿದಿದೆ. ಬಂದವರಲ್ಲಿ ಒಬ್ಬರಿಗೆ ಹಣೆ ಒಡೆದಿದೆ, ಇನ್ನೊಬ್ಬರಿಗೆ ಏನೂ ಆಗಿಲ್ಲ. ಕ್ಯಾಪ್ಟನ್‌ರನ್ನು ಹಲಗೆಯ ಮೇಲೆ ಮಲಗಿಸಿ ಒಯ್ದರು. ಬೆನ್ನು. ಒಯ್ಯುವಾಗ ಅವರು ಒಂದೇ ಮಾತು ಹೇಳುತ್ತಿದ್ದರು: "ನಾನೇ ಜೋರಾಗಿ ಇಳಿಸಿದೆನಾ? ನಾನೇ ಜೋರಾಗಿ ಇಳಿಸಿದೆನಾ?"

ಹೆರಾಲ್ಡ್‌ರ ಅಂಗಿ ಹಾಳಾಗಿದೆ.

ಹತ್ತೂವರೆಗೆ ಬಿಸಿಲು ಬಂತು.

14 ಜನವರಿ, ಶನಿವಾರ

ಏನೂ ಇಲ್ಲ.

18 ಜನವರಿ, ಬುಧವಾರ

ವಿಮಾನವನ್ನು ಲಾರಿಯಲ್ಲಿ ಒಯ್ದರು. ಕ್ಯಾಪ್ಟನ್‌ಗೆ ಎರಡು ಮೂಳೆ ಜಜ್ಜಿದೆಯಂತೆ. ನಡೆಯುತ್ತಾರೆ, ವಿಮಾನ ಓಡಿಸುವುದು ಅನುಮಾನ. ಮಸ್ಕತ್‌ನಿಂದ ವಿಚಾರಣೆಗೆ ಬರುತ್ತಾರಂತೆ. ತಪ್ಪು ಕ್ಯಾಪ್ಟನ್‌ರದಾದರೆ ಲೈಸೆನ್ಸ್ ಹೋಗುತ್ತದೆ. ಸ್ಟ್ರಿಪ್ಪಿನದಾದರೆ ಹೆರಾಲ್ಡ್ ಹೋಗುತ್ತಾರೆ, ಜೊತೆಗೆ ನಾನು.

ಹೆರಾಲ್ಡ್ ಊಟ ಮಾಡುತ್ತಿಲ್ಲ. ಇಬ್ಬರ ಪಾಲೂ ನಾನೇ ಉಣ್ಣುತ್ತೇನೆ. ಹಸಿವು ಇದೆ, ಯಾಕೆಂದು ಗೊತ್ತಿಲ್ಲ.

ಯಾರೂ ಕೇಳದೆಯೂ ಬೆಳಗ್ಗೆ ನಡೆಯುತ್ತೇನೆ. ಪುಸ್ತಕದಲ್ಲಿ ಬರೆಯುತ್ತೇನೆ. ನಾಲ್ಕನೇ ಟಯರಿನ ಹತ್ತಿರ ಒಂದು ಹೊಂಡ, ನನ್ನ ಮೊಣಕಾಲುದ್ದ.

22 ಜನವರಿ, ಭಾನುವಾರ

ಚಲುವರಾಜು ಅಂಕಲ್ ಒಂದು ಹೊಸ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಸ್ಟ್ರಿಪ್ಪಿನ ಪುಸ್ತಕದಂಥದ್ದೇ, ಹಸಿರು ರಟ್ಟು.

"ನೋಡಮ್ಮ ತಾಯಿ. ಇದರಲ್ಲಿ ಮೊದಲಿಂದ ಬರಿ. ಎಲ್ಲಾ ಹಾಗ್ಹಾಗೇ. ಹದಿಮೂರನೇ ತಾರೀಖು ಒಂದು ಬಿಟ್ಟು. ಅಲ್ಲಿ 'ಗಟ್ಟಿ' ಅಂತ ಬರಿ."

"ಗಟ್ಟಿ ಇರಲಿಲ್ಲ."

"ಗೊತ್ತು. ಒಂದ್ ಸಾಲು ಕಣಮ್ಮ. ಒಂದೇ ಒಂದ್ ಸಾಲು."

"ಅರ್ಬಾಬ್ ಹೇಳಿದರಾ?"

"ಅವರಿಗೆ ಗೊತ್ತಿಲ್ಲ. ನಿಮ್ಮಪ್ಪ ಬಾಯೇ ಬಿಡ್ತಿಲ್ಲ. ನಾನೇ ಯೋಚನೆ ಮಾಡಿದ್ದು." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕ್ಯಾಪ್ಟನ್ ಈ ದೇಶದವರು. ಪಿಂಚಣಿ ಇದೆ, ಮಕ್ಕಳಿದ್ದಾರೆ, ಹೇಗಿದ್ರೂ ರಿಟೈರ್ ಆಗೋರು. ನಿಮ್ಮಪ್ಪಂಗೆ ಐವತ್ತೆರಡು. ಊರಿಗೆ ಹೋಗಿ ಯಾರ ಮನೆ ಪಂಪ್ ರಿಪೇರಿ ಮಾಡ್ತಾರೆ ಹೇಳು?"

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ ಎಂದೆ.

"ಉತ್ತರ ಬೇಡ, ಪೆನ್ನು ತಗೋ" ಎಂದರು.

ತೆಗೆದುಕೊಂಡೆ. ಜೂನ್‌ನಿಂದ ಶುರುಮಾಡಿದೆ. ಸಂಜೆಯೊಳಗೆ ಸೆಪ್ಟೆಂಬರ್ ಮುಗಿಯಿತು. ಸೆಪ್ಟೆಂಬರ್‌ವರೆಗೆ ನೀಲಿ ಪೆನ್ನು, ಅಲ್ಲಿಂದಾಚೆ ಕಪ್ಪು. ಎರಡನ್ನೂ ಹುಡುಕಿ ತೆಗೆದೆ. ಆಗಸ್ಟ್ ಒಂಬತ್ತರಂದು ಚಾ ಚೆಲ್ಲಿತ್ತು, ಅಲ್ಲೂ ಒಂದು ತೊಟ್ಟು ಹಾಕಿದೆ. ಅಂಕಲ್ ಬಂದು ನೋಡಿ ಹಣೆ ಚಚ್ಚಿಕೊಂಡರು. "ಅಬ್ಬಾ! ಸುಳ್ಳಿನಲ್ಲೂ ಇಷ್ಟು ಪ್ರಾಮಾಣಿಕತೆ ನಾನು ನೋಡಿಲ್ಲ."

ಇದು ಸುಳ್ಳೆಂದು ನನಗೆ ಗೊತ್ತಿದೆ. ಕೈ ನಡೆಯುತ್ತಿದೆ, ಅಷ್ಟೆ.

25 ಜನವರಿ, ಬುಧವಾರ

ಜನವರಿ ಹನ್ನೆರಡರವರೆಗೆ ಬರೆದಾಗಿತ್ತು. ಮಧ್ಯಾಹ್ನ ಮೂರು ಗಂಟೆ. ಎರಡೂ ಪುಸ್ತಕ ಮೇಜಿನ ಮೇಲೆ ತೆರೆದಿದ್ದವು. ಹೆರಾಲ್ಡ್ ಫೋನು ಮನೆಯಲ್ಲೇ ಬಿಟ್ಟು ಹೊರಗೆ ಹೋಗಿದ್ದರು. ಅದು ಹೊಡೆಯಿತು.

ಕ್ಯಾಪ್ಟನ್. ದನಿ ಮೊದಲು ಗುರುತು ಹತ್ತಲಿಲ್ಲ.

"ಬಿಂತಿ, ಹೇಗಿದ್ದೀಯ?"

"ಇದ್ದೇನೆ. ನೀವು?"

"ಚಾವಣಿ ನೋಡುತ್ತಾ ಮಲಗಿದ್ದೇನೆ. ಒಳ್ಳೆಯ ಚಾವಣಿ. ಹದಿನಾಲ್ಕು ಹಲಗೆ. ನಲವತ್ತು ವರ್ಷ ಆಯಿತು ಇಳಿಸಲು ಶುರುಮಾಡಿ. ಆ ದಿನ ಹಗುರವಾಗಿಯೇ ಇಳಿಸಿದೆ ಅಂತ ನನ್ನ ಕೈ ಹೇಳುತ್ತದೆ. ಆದರೆ ಮುದುಕನ ಕೈ, ಅದನ್ನು ನಂಬುವುದೋ ಬೇಡವೋ ತಿಳಿಯುತ್ತಿಲ್ಲ. ನಿದ್ದೆ ಬರುವುದಿಲ್ಲ. ಆ ದಿನ ನೀನು ಬರೆದಿದ್ದೀಯಾ?"

"ಬರೆದಿದ್ದೇನೆ."

"ಓದು."

ಹೊಸ ಪುಸ್ತಕದಲ್ಲಿ ಆ ಸಾಲು ಇನ್ನೂ ಖಾಲಿ ಇತ್ತು. ಹಳೆಯದರಲ್ಲಿ ಇತ್ತು. ನಾನು ಓದಿದೆ. ಗಾಳಿ ಇಲ್ಲ. ಮೂರರಿಂದ ಎಂಟರವರೆಗೆ ಮೆತ್ತಗೆ.

"ಹಾಗಾದರೆ ನನ್ನ ಕೈ ಅಲ್ಲ" ಎಂದರು. ಸಿಟ್ಟು ಇರಲಿಲ್ಲ. ಯಾಕೆ ಓದಲಿಲ್ಲ ಎಂದು ಕೇಳಲಿಲ್ಲ. ಧನ್ಯವಾದಕ್ಕೆ ಅವರು ಹೇಳುವ ಶುಕ್ರನ್ ಎಂದು ಫೋನು ಇಟ್ಟರು.

ಕೇಳದಿದ್ದರೂ ಉತ್ತರ ಬರೆಯುತ್ತೇನೆ. ನಾನು ಅಲ್ಲೇ ನಿಂತಿದ್ದೆ. ಹೆರಾಲ್ಡ್‌ರ ಕೈಯಿಂದ ಫೋನು ಕಸಿಯಬಹುದಿತ್ತು. ಒಂದು ಕೂಗು ಹಾಕಿದ್ದರೂ ಕ್ಯಾಪ್ಟನ್‌ಗೆ ಕೇಳಿಸುತ್ತಿತ್ತು. ಒಂಬತ್ತರವರೆಗೆ ಇನ್ನೂ ಒಂದು ಗಂಟೆ ಇತ್ತು, ಸ್ಟ್ರಿಪ್ಪಿನ ನಡುವೆ ಟಯರು ಅಡ್ಡ ಉರುಳಿಸಬಹುದಿತ್ತು. ನಾನು ಬರೆದಾಗಿದೆ, ನನ್ನನ್ನು ಯಾರೂ ಕೇಳಲಿಲ್ಲ, ಸುಳ್ಳು ಹೇಳಿದ್ದು ಅವರು ಎಂದುಕೊಂಡು ನಿಂತೆ. ಸುಳ್ಳು ಹೇಳುತ್ತಿದ್ದಾರೆ, ಹೇಳಲಿ, ಎಲ್ಲರಿಗೂ ಕಾಣಲಿ ಎಂದೂ ಅನಿಸಿತ್ತು. ಹದಿಮೂರನೇ ತಾರೀಖು ಇದನ್ನು ಬರೆಯಲಿಲ್ಲ. ಈಗ ಬರೆದಿದ್ದೇನೆ.

26 ಜನವರಿ, ಗುರುವಾರ

ಬೆಳಗ್ಗೆ ಪಂಪ್‌ಹೌಸಿಗೆ ಹೋಗಿ ಹೇಳಿದೆ. "ನಾನು ಕ್ಯಾಪ್ಟನ್‌ಗೆ ಸಾಲು ಓದಿದೆ. ಹಳೆಯದು."

ಹೆರಾಲ್ಡ್ ವಾಲ್ವಿಗೆ ದಾರ ಸುತ್ತುತ್ತಿದ್ದರು. ಸುತ್ತುವುದನ್ನು ನಿಲ್ಲಿಸಲಿಲ್ಲ. "ಒಳ್ಳೆದಾಯ್ತು" ಎಂದರು.

ನಾನು ಹೋಗಬೇಕಿತ್ತು. ಹೋಗಲಿಲ್ಲ. ಹತ್ತು ತಿಂಗಳಿನಿಂದ ಕೇಳದೇ ಇದ್ದದ್ದನ್ನು ಕೇಳಿದೆ. "ಫಿಸಿಕ್ಸ್ ಪೇಪರಿನ ದಿನ ಅಲ್ಲಿ ಏನಾಯಿತು?"

ಅವರು ದಾರದ ಉಂಡೆ ಕೆಳಗಿಟ್ಟರು. ಪಂಪು ನಿಲ್ಲಿಸಿದರು. ಆಮೇಲೆ ಹೇಳಿದರು. ನಾವು ಕೊಂಕಣಿಯಲ್ಲಿ ಮಾತಾಡಿದ್ದು, ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

"ನಾಲ್ಕು ಗಂಟೆಗೆ ಇಗರ್ಜಿಗೆ ತಂದದ್ದು. ಅವಳಿಗೆ ಮದುವೆ ಸೀರೆ ಉಡಿಸಿದ್ರು. ಸಡಿಲ ಆಗಿತ್ತು, ಡಾಲಿ ಚಿಕ್ಕಿ ಹಿಂದಿನಿಂದ ಪಿನ್ನು ಹಾಕಿದ್ಲು. ಜನ ತುಂಬಾ ಇದ್ರು. ಎಲ್ಲರೂ ಒಂದೇ ಕೇಳ್ತಾರೆ, ಮಗಳು ಎಲ್ಲಿ, ಮಗಳು ಎಲ್ಲಿ. ಪರೀಕ್ಷೆ ಉಂಟು ಅಂದೆ. ಒಬ್ಬ ಮುದುಕ ನನ್ನ ಮುಖಕ್ಕೇ ಥೂ ಅಂದ."

"ಯಾಕೆ ಹೇಳಲಿಲ್ಲ?"

"ಮೊದಲನೇ ದಿನ ಡಾಕ್ಟ್ರು ಪರವಾಗಿಲ್ಲ ಅಂದಿದ್ರು. ಒಳ್ಳೆದಾದ ಮೇಲೆ ಹೇಳುವ ಅಂತ ಇದ್ದೆ. ಆಮೇಲೆ ಒಳ್ಳೆದಾಗ್ಲಿಲ್ಲ. ಆಗ ಪರೀಕ್ಷೆ ಮುಗೀಲಿ, ಆಮೇಲೆ ಹೇಳುವ ಅಂತ." ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ನಾನು ಯಾವಾಗ್ಲೂ ಹಾಗೆಯೇ ಬಾಯೆ. ಸ್ವಲ್ಪ ಕಾದ್ರೆ ಒಣಗ್ತದೆ ಅಂತ."

ಸಡಿಲವಾದ ಸೀರೆಯನ್ನೇ ಯೋಚಿಸುತ್ತಾ ಬಂದೆ. ಯಾವ ಬಣ್ಣ ಎಂದು ಕೇಳಲು ಮರೆತೆ. ಅರ್ಧ ದಾರಿಯಿಂದ ವಾಪಸು ಹೋಗಿ ಕೇಳಿದೆ. ಕೆನೆಬಣ್ಣ, ಅಂಚಿಗೆ ಚಿನ್ನದ ಗೆರೆ.

ಹೊಸ ಪುಸ್ತಕವನ್ನು ಚಲುವರಾಜು ಅಂಕಲ್‌ಗೆ ವಾಪಸು ಕೊಟ್ಟೆ. "ಹಾಳಾಗಿ ಹೋಗಿ, ಇಬ್ಬರೂ" ಎಂದರು. ಅವರ ಕಣ್ಣು ಕೆಂಪಗಿತ್ತು.

29 ಜನವರಿ, ಭಾನುವಾರ

ಮಸ್ಕತ್‌ನಿಂದ ಇಬ್ಬರು ಬಂದರು. ಆಫೀಸಿನಲ್ಲಿ ಕೂತರು. ಅರ್ಬಾಬ್, ಕೈಗೆ ಪಟ್ಟಿ, ಮೂಲೆಯ ಕುರ್ಚಿಯಲ್ಲಿ. ಪುಸ್ತಕ ನನ್ನ ಕೈಯಲ್ಲಿತ್ತು.

ಪಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮೇಜಿನ ಮೇಲಿಟ್ಟರು. ಆ ಪುಟ ತೆರೆದು, ತಮ್ಮ ಇಂಗ್ಲಿಷಿನಲ್ಲಿ, ನಿಂತುಕೊಂಡೇ ಹೇಳಿದರು: ಇದು ನನ್ನ ಮಗಳು ಬರೆದದ್ದು, ಸರಿಯಾಗಿ ಬರೆದಿದ್ದಾಳೆ. ಫೋನಿನಲ್ಲಿ ಗುಡ್ ಎಂದವನು ನಾನು. ಕ್ಯಾಪ್ಟನ್ ಸರಿಯಾಗಿಯೇ ಇಳಿಸಿದರು. ಉಪ್ಪುನೆಲ ಮಳೆಗೆ ಹೀಗಾಗುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ, ಆದರೆ ಆ ಬೆಳಗ್ಗೆ ಗೊತ್ತಿತ್ತು.

ಅಧಿಕಾರಿ ಬರೆದುಕೊಂಡರು. ಮುಗಿಯಿತು ಎನ್ನುವಾಗ ನಾನು ಹೇಳಿದೆ: "ನಾನೂ ಅಲ್ಲೇ ಇದ್ದೆ, ಕೇಳಿಸಿಕೊಂಡೆ, ಸುಮ್ಮನಿದ್ದೆ. ಅದನ್ನೂ ಬರೆಯಿರಿ."

"ಅದು ಬೇಕಾಗಿಲ್ಲ" ಎಂದರು.

"ಬರೆಯಿರಿ."

ಅವರು ಅರ್ಬಾಬ್‌ರ ಮುಖ ನೋಡಿದರು. ಅರ್ಬಾಬ್ ಪಪ್ಪನ ಮುಖ ನೋಡಿದರು. ಅಧಿಕಾರಿ ಬರೆದರು.

ಅವರು ಹೋದ ಮೇಲೆ ಅರ್ಬಾಬ್ "ಖಲಾಸ್, ಹೆರಾಲ್ಡ್" ಎಂದರು. ಬೈಯಲಿಲ್ಲ. ಏಪ್ರಿಲ್ ಕೊನೆಯವರೆಗೆ ಇರಬಹುದು. ಪಪ್ಪ ಹದಿನೆಂಟು ವರ್ಷ ಇವರ ಬಳಿ ಕೆಲಸ ಮಾಡಿದ್ದಾರೆ. ಸಂಜೆ ಪಪ್ಪ ಎರಡು ತಟ್ಟೆ ಅನ್ನ ಉಂಡರು.

18 ಫೆಬ್ರವರಿ, ಶನಿವಾರ

ಮಸ್ಕತ್‌ನಿಂದ ಪತ್ರ ಬಂದಿದೆ. ಅನುಮತಿ, ನಕ್ಷೆ, ಇಂಜಿನಿಯರರ ಸಹಿ ಇಲ್ಲದ ತೋಟದ ಸ್ಟ್ರಿಪ್ಪುಗಳನ್ನೆಲ್ಲ ಮುಚ್ಚಬೇಕು. ಯಾರ ಬಳಿಯೂ ಇವು ಯಾವುದೂ ಇಲ್ಲ. ಇಬ್ರಾದವರು ಆಗಲೇ ಅಗೆದುಹಾಕಿದ್ದಾರೆ. ವಿಮಾನ ಇಲ್ಲದೆ ಸ್ಟ್ರಿಪ್ ಮಾಡಿಸಿಕೊಂಡವರು ಫೋನ್ ಮಾಡಿ ಪಪ್ಪನಿಗೆ ಅರ್ಧ ಗಂಟೆ ಬೈದರು. ಪಪ್ಪ "ಹೌದು, ಹೌದು" ಎನ್ನುತ್ತಾ ಉಗುರು ಕತ್ತರಿಸುತ್ತಿದ್ದರು.

30 ಮಾರ್ಚ್, ಗುರುವಾರ

ಮುಚ್ಚಿದ ಸ್ಟ್ರಿಪ್ಪಿನ ಎರಡೂ ತುದಿಗೆ ದೊಡ್ಡ ಬಿಳಿ ಅಡ್ಡಗೆರೆ ಹಾಕಬೇಕು, ಒಂದರ ಮೇಲೊಂದು ಓರೆಯಾಗಿ. ಮೇಲಿನಿಂದ ನೋಡಿದವರಿಗೆ ಇಳಿಯಬೇಡಿ ಎಂದು ಗೊತ್ತಾಗಬೇಕು. ನಾನೂ ಪಪ್ಪನೂ ಬದಿಯ ಟಯರುಗಳನ್ನೇ ಕಿತ್ತು ಉರುಳಿಸಿಕೊಂಡು ಹೋಗಿ ಜೋಡಿಸಿದೆವು. ಅವರು ದಾರ ಹಿಡಿದರು, ನಾನು ಅಳತೆ ನೋಡಿದೆ. ಟಯರಿನೊಳಗೆ ಚೇಳು ಇರುತ್ತದೆ, ಕಾಲು ನೋಡು ಎಂದು ಹತ್ತು ಸಲ ಹೇಳಿದರು. ನೆಲದ ಮೇಲೆ ನಿಂತರೆ ಏನೂ ಕಾಣುವುದಿಲ್ಲ, ಬರೀ ಟಯರು.

ಕ್ಯಾಪ್ಟನ್ ಕಾರಿನಲ್ಲಿ ಬಂದಿದ್ದರು. ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಕೋಲು. ಲೈಸೆನ್ಸ್ ಉಳಿದಿದೆ. ಬೆನ್ನು ಬಿಡುವುದಿಲ್ಲ. ಪಪ್ಪ ಎದುರು ಹೋಗಿ ನಿಂತರು. ಕ್ಯಾಪ್ಟನ್ ಕೋಲಿನಿಂದ ಒಂದು ಟಯರನ್ನು ತಟ್ಟಿ "ಇದು ಸೊಟ್ಟಗಿದೆ, ಹೆರಾಲ್ಡ್. ಸರಿಮಾಡು" ಎಂದರು. ಪಪ್ಪ ಸರಿಮಾಡಿದರು. ಆಮೇಲೆ ಮೂವರೂ ಕಾರಿನ ನೆರಳಿನಲ್ಲಿ ಖರ್ಜೂರ ತಿಂದು, ಖಾವಾ ಕಾಫಿ ಕುಡಿದೆವು. ಖರ್ಜೂರದ ಬೀಜಗಳನ್ನು ಪಪ್ಪ ಜೇಬಿಗೆ ಹಾಕಿಕೊಂಡರು, ಸ್ಟ್ರಿಪ್ಪಿನ ಮೇಲೆ ಬಿಸಾಡುವುದು ಬೇಡ ಎಂದು.

21 ಏಪ್ರಿಲ್, ಶುಕ್ರವಾರ

ಟಿಕೆಟ್ ಮುಂದಿನ ಶನಿವಾರಕ್ಕೆ, ಮುಂಬೈ ಮೇಲೆ. ಪ್ರೆಸಿಲ್ಲಾ ಆಂಟಿಯ ಮನೆಗೆ ಹೋಗಿ ಹೇಳಿ ಬಂದೆ. ಮೊಟ್ಟೆ ಹಾಕಿಕೊಟ್ಟರು. ತಿಂದೆ.

ಬೆಳಗ್ಗೆ ಸ್ಟ್ರಿಪ್ ನಡೆದೆ. ಟಯರು ಇಲ್ಲದ್ದರಿಂದ ಎಲ್ಲಿದ್ದೇನೆಂದು ಗೊತ್ತಾಗಲಿಲ್ಲ. ಹಿಮ್ಮಡಿ ಇಟ್ಟೆ, ಗಟ್ಟಿ. ಆದರೆ ನೋಯಿತು. ಒಡಕಿನಲ್ಲಿ ಉಪ್ಪು ಹೋಗಿ ಬಹಳ ಉರಿಯಿತು. ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟು ಕೂತೆ. ಬಹಳ ಹೊತ್ತು ಕೂತಿದ್ದೆ.

ಪಪ್ಪ ಪೆಟ್ಟಿಗೆ ತುಂಬುತ್ತಾ ಒಂದು ಮಡಚಿದ ಕಾಗದ ತಂದುಕೊಟ್ಟರು. ಊರಿನ ಇಗರ್ಜಿಯ ಕಲ್ಲುಕೆಲಸದವನು ಕೊಟ್ಟದ್ದು. ಮಮ್ಮಿಯ ಸಮಾಧಿಯ ಕಲ್ಲಿನ ಅಳತೆ. ನಾಲ್ಕು ಸಾಲು, ಸಾಲಿಗೆ ಹದಿನಾರು ಅಕ್ಷರ. ಒಂದು ವರ್ಷದಿಂದ ಅವರ ಪರ್ಸಿನಲ್ಲಿ ಇದ್ದು ಮಡಿಕೆಯಲ್ಲಿ ಹರಿದಿದೆ.

"ಇನ್ನೂ ಕಲ್ಲು ಹಾಕಲಿಲ್ವಾ?"

"ಇಲ್ಲ. ಮೂರನೇ ಸಾಲಲ್ಲಿ, ಗೋಡೆಯ ಹತ್ತಿರ ಉಂಟು. ಮಣ್ಣು ಮಾತ್ರ." ಅವರು ನನ್ನ ಕಾಲನ್ನು ನೋಡಿದರು, ಬಕೆಟ್ಟಿಗೆ ಇನ್ನಷ್ಟು ಬಿಸಿನೀರು ಸುರಿದರು. "ನೀನು ಬರಿ ಬಾಯೆ. ನಿನ್ನ ಅಕ್ಷರ ಒಳ್ಳೆದುಂಟು."

ಸ್ಟ್ರಿಪ್ಪಿನ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆ ಇತ್ತು. ಅದರಲ್ಲಿ ಬರೆದೆ. ಮೊದಲ ಸಾಲು ಮಮ್ಮಿಯ ಹೆಸರು. ಎರಡನೆಯದು ಹುಟ್ಟಿದ ದಿನ, ಅದು ನನಗೆ ಗೊತ್ತಿತ್ತು. ಮೂರನೆಯದರಲ್ಲಿ ನಿಲ್ಲಿಸಿದೆ. ಮಣ್ಣು ಮಾಡಿದ ದಿನ ನನಗೆ ಗೊತ್ತು, ತೀರಿಕೊಂಡ ದಿನ ಗೊತ್ತಿರಲಿಲ್ಲ.

ತಾರೀಖನ್ನು ಪಪ್ಪನನ್ನು ಕೇಳಿ ಬರೆದೆ.